ಜಾನ್ ಡೆನ್ವರ್ ವಿಮಾನ ಅಪಘಾತ (1997)

ಅಮೆರಿಕದ ಗಾಯಕ, ಗೀತರಚನಕಾರ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರ ಸಂಜೆ ತಾವೇ ಹಾರಿಸುತ್ತಿದ್ದ ಪುಟ್ಟ ವಿಮಾನ ಸಮುದ್ರಕ್ಕೆ ಬಿದ್ದು ಮೃತಪಟ್ಟ ದುರ್ಘಟನೆ. ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಪಟ್ಟಣದ ಬಳಿ, ಮಾಂಟೆರೆ ಕೊಲ್ಲಿಯಲ್ಲಿ ಇದು ನಡೆಯಿತು. ವಿಮಾನದಲ್ಲಿ ಅವರೊಬ್ಬರೇ ಇದ್ದರು, ವಯಸ್ಸು 53. 1971ರ ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಹಾಡಿನಿಂದ ಲೋಕಪ್ರಸಿದ್ಧರಾಗಿದ್ದ ಗಾಯಕನ ಸಾವು ಎಂಬ ಕಾರಣಕ್ಕೆ ಘಟನೆ ಸುದ್ದಿಯಾಯಿತಾದರೂ, ವಿಮಾನಯಾನ ಕ್ಷೇತ್ರದಲ್ಲಿ ಇದರ ಅಧ್ಯಯನ ನಡೆದದ್ದು ಬೇರೆ ಕಾರಣಕ್ಕೆ: ಇಂಧನದ ಟ್ಯಾಂಕ್ ಬದಲಿಸುವ ಹಿಡಿ ಪೈಲಟ್‌ನ ಕೈಗೆ ಸುಲಭವಾಗಿ ಎಟುಕುತ್ತಿರಲಿಲ್ಲ.

ಇಂಧನದ ಅಭಾವದಿಂದ ಎಂಜಿನ್ ನಿಲ್ಲುವುದರಲ್ಲಿ ಎರಡು ಬಗೆ. ವಿಮಾನದಲ್ಲಿದ್ದ ಇಂಧನವೆಲ್ಲ ತೀರಿಹೋಗುವುದು ಒಂದು. ಟ್ಯಾಂಕ್‌ನಲ್ಲಿ ಇಂಧನ ಉಳಿದಿದ್ದೂ ಅದು ಎಂಜಿನ್‌ಗೆ ತಲುಪದಿರುವುದು ಇನ್ನೊಂದು. ಡೆನ್ವರ್ ಪ್ರಕರಣವನ್ನು ಎರಡನೆಯ ಬಗೆಗೆ ಸೇರಿಸುವುದು ವಾಡಿಕೆ. ಹಳೆಯ ಬೈಕುಗಳಲ್ಲಿ ಪೆಟ್ರೋಲ್ ಮುಗಿಯುತ್ತ ಬಂದಾಗ ಸವಾರ ಮೊಣಕಾಲಿನ ಪಕ್ಕದ ಕಾಕ್ ತಿರುಗಿಸಿ ‘ರಿಸರ್ವ್’ಗೆ ಹಾಕುತ್ತಿದ್ದಂತೆ, ಅನೇಕ ಸಣ್ಣ ವಿಮಾನಗಳಲ್ಲೂ ಎಡ ಟ್ಯಾಂಕ್‌ನಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪೈಲಟ್ ತಾನೇ ಬದಲಿಸಿಕೊಳ್ಳಬೇಕು. ಹಿಡಿ ಕೈಯಳತೆಯಲ್ಲಿದ್ದರೆ ಇದು ಕ್ಷಣದ ಕೆಲಸ.

ಅಪಘಾತಕ್ಕೀಡಾದದ್ದು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಜೆಡ್. ಫೋಮ್ ಮತ್ತು ಫೈಬರ್‌ಗ್ಲಾಸ್‌ನ ಹಗುರ ದೇಹ, ಮೂತಿಯ ಬಳಿ ಚಿಕ್ಕ ರೆಕ್ಕೆ, ಹಿಂಭಾಗದಲ್ಲಿ ಎಂಜಿನ್ ಮತ್ತು ಪ್ರೊಪೆಲರ್, ಒಂದರ ಹಿಂದೊಂದು ಎರಡು ಆಸನ ಇದರ ಲಕ್ಷಣಗಳು. ಹವ್ಯಾಸಿಗಳು ನಕ್ಷೆ ತರಿಸಿಕೊಂಡು ಮನೆಯಲ್ಲೇ ಕಟ್ಟುವ ವಿಮಾನವಿದು. ರುಟಾನ್ ನಕ್ಷೆಯಲ್ಲಿ ಇಂಧನ ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ ಇದೆ. ಈ ವಿಮಾನವನ್ನು ಕಟ್ಟಿದವರು ಇಂಧನ ಕೊಳವೆ ಕಾಕ್‌ಪಿಟ್‌ನೊಳಗೆ ಹಾದುಹೋಗದಿರಲಿ ಎಂದು ಹಿಡಿಯನ್ನು ಪೈಲಟ್‌ನ ಎಡ ಭುಜದ ಹಿಂದಿನ ಗೋಡೆಗೆ ಸಾಗಿಸಿದ್ದರು. ಉದ್ದೇಶ ಸುರಕ್ಷತೆಯೇ ಆಗಿತ್ತು. ಆದರೆ ಹಿಡಿಯ ಮೇಲೆ ಯಾವ ಗುರುತೂ ಇರಲಿಲ್ಲ. ಅದನ್ನು ಬಲಕ್ಕೆ ತಿರುಗಿಸಿದರೆ ತೆರೆಯುತ್ತಿದ್ದುದು ಎಡ ಟ್ಯಾಂಕ್. ಇಂಧನದ ಮಟ್ಟ ತೋರಿಸುವ ಗಾಜುಗಳೂ ಆಸನದ ಹಿಂದಿದ್ದು, ಅವುಗಳ ಮೇಲೂ ಅಳತೆ ಗೆರೆಗಳಿರಲಿಲ್ಲ.

ಡೆನ್ವರ್ ಅನನುಭವಿಯಲ್ಲ. 2,700 ಗಂಟೆಗಳಿಗೂ ಮಿಕ್ಕಿ ಹಾರಾಟ ನಡೆಸಿದ್ದ ಅವರಿಗೆ ಲಿಯರ್‌ಜೆಟ್ ನಡೆಸುವ ಅರ್ಹತೆಯೂ ಇತ್ತು. ಈ ವಿಮಾನ ಮಾತ್ರ ಅವರಿಗೆ ಹೊಸದು. ಹಿಂದಿನ ದಿನವಷ್ಟೇ ಸುಮಾರು ಅರ್ಧ ಗಂಟೆ ಪರಿಚಯ ಹಾರಾಟ ನಡೆಸಿದ್ದರು. ಹೊರಡುವ ಮುನ್ನ ಮಾಂಟೆರೆ ವಿಮಾನ ನಿಲ್ದಾಣದಲ್ಲಿ ಅವರೂ ಒಬ್ಬ ತಂತ್ರಜ್ಞರೂ ಆ ಹಿಡಿಯ ಬಗ್ಗೆಯೇ ಚರ್ಚಿಸಿದರು. ಇಕ್ಕಳವೊಂದನ್ನು ಸಿಕ್ಕಿಸಿ ಹಿಡಿಯನ್ನು ಉದ್ದ ಮಾಡಲು ನೋಡಿದರೂ ಕೈಗೆಟುಕಲಿಲ್ಲ. ಅಗತ್ಯ ಬಿದ್ದರೆ ಆಟೋಪೈಲಟ್ ಹಾಕಿ ಟ್ಯಾಂಕ್ ಬದಲಿಸುವುದಾಗಿ ಡೆನ್ವರ್ ಹೇಳಿದರು. ಭುಜದ ಮೇಲಿಂದ ಮಟ್ಟ ನೋಡಿಕೊಳ್ಳಲು ತಂತ್ರಜ್ಞರು ಒಂದು ಕನ್ನಡಿ ಕೊಟ್ಟರು. ಆಗ ಒಂದು ಟ್ಯಾಂಕ್‌ನಲ್ಲಿ ಅರ್ಧಕ್ಕಿಂತ, ಮತ್ತೊಂದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇಂಧನ ಕಂಡಿತ್ತು. ತುಂಬಿಸಿಕೊಡಲೇ ಎಂದು ಕೇಳಿದಾಗ, ಹಾರುವುದು ಒಂದು ಗಂಟೆಯಷ್ಟೇ, ಬೇಡ ಎಂದರು. ಇಷ್ಟು ತೊಡಕು ಕಣ್ಣೆದುರಿಗಿದ್ದಾಗ ಎರಡೂ ಟ್ಯಾಂಕ್ ತುಂಬಿಸಿದ್ದರೆ ಹಿಡಿಯನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಸಂಜೆ 5.12ಕ್ಕೆ ವಿಮಾನ ಮೇಲೇರಿತು. ಮೂರು ಬಾರಿ ನೆಲಮುಟ್ಟಿ ಏಳುವ ಅಭ್ಯಾಸ ಮುಗಿಸಿ ಕಡಲತೀರದತ್ತ ಸಾಗಿತು. ಸುಮಾರು 5.28ಕ್ಕೆ, 350ರಿಂದ 500 ಅಡಿ ಎತ್ತರದಲ್ಲಿ, ಎಂಜಿನ್ ‘ಠಪ್’ ಎಂದು ಸದ್ದು ಮಾಡಿ ಕುಗ್ಗಿದ್ದನ್ನು ಕೆಲವು ಪ್ರತ್ಯಕ್ಷದರ್ಶಿಗಳು ಕೇಳಿದರು. ವಿಮಾನ ಮೂತಿ ಎತ್ತಿ, ಬಲಕ್ಕೆ ವಾಲಿ, ಮೂತಿ ಕೆಳಗಾಗಿ ನೀರಿಗೆ ಅಪ್ಪಳಿಸಿತು. ಅಷ್ಟು ತಗ್ಗಿನಲ್ಲಿ ಆಟೋಪೈಲಟ್‌ನ ಉಪಾಯಕ್ಕೆ ಸಮಯವೇ ಇರಲಿಲ್ಲ.

ಬಲಕ್ಕೇ ಏಕೆ ವಾಲಿತು ಎಂಬುದಕ್ಕೆ ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಪ್ರಯೋಗದಿಂದ ಉತ್ತರ ಕಂಡುಕೊಂಡಿತು. ಆ ಹಿಡಿಯನ್ನು ಹಿಡಿಯಲು ಪೈಲಟ್ ನಿಯಂತ್ರಣ ಕೋಲಿನಿಂದ ಬಲಗೈ ತೆಗೆದು, ಇಡೀ ಮೈಯನ್ನು ಎಡಕ್ಕೆ ತಿರುಚಬೇಕು. ತನಿಖಾಧಿಕಾರಿ ಹಾಗೆ ತಿರುಗಿದಾಗಲೆಲ್ಲ ಅವರ ಬಲಗಾಲು ಆಸರೆಗಾಗಿ ತಾನಾಗಿಯೇ ಬಲ ರಡ್ಡರ್ (ಚುಕ್ಕಾಣಿ) ಪೆಡಲನ್ನು ಒತ್ತುತ್ತಿತ್ತು. ಬಲ ಪೆಡಲ್ ಒತ್ತಿದರೆ ಲಾಂಗ್-ಈಜೆಡ್ ಮೂತಿ ಎತ್ತಿ ಬಲಕ್ಕೆ ವಾಲುತ್ತದೆ. ಪ್ರತ್ಯಕ್ಷದರ್ಶಿಗಳು ಹೇಳಿದ್ದೂ ಅದನ್ನೇ.

ಹಿಡಿಯನ್ನು ತಿರುಗಿಸುವ ಯತ್ನದಲ್ಲಿ ಪೈಲಟ್‌ನ ಗಮನ ಬೇರೆಡೆ ಹರಿದು, ಅರಿವಿಲ್ಲದೆ ಬಲ ರಡ್ಡರ್ ಒತ್ತಿ, ವಿಮಾನದ ಹತೋಟಿ ತಪ್ಪಿದ್ದೇ ಸಂಭಾವ್ಯ ಕಾರಣವೆಂದು ಮಂಡಳಿ ನಿರ್ಧರಿಸಿತು. ಇಂಧನ ತುಂಬಿಸದೆ ಹೊರಟದ್ದನ್ನೂ ಕಾರಣವೆಂದೇ ಹೇಳಿತು. ಹಿಡಿಯ ಸ್ಥಾನ, ಗುರುತಿಲ್ಲದ ಮಾಪಕಗಳು, ಈ ಮಾದರಿಯಲ್ಲಿ ತರಬೇತಿ ಸಾಲದಿದ್ದುದು ಪೂರಕ ಕಾರಣಗಳಾದವು. ಮದ್ಯಪಾನದ ಹಿನ್ನೆಲೆಯಿಂದಾಗಿ ಡೆನ್ವರ್ ಅವರ ವೈದ್ಯಕೀಯ ಅರ್ಹತೆ ಆ ಮೊದಲೇ ರದ್ದಾಗಿತ್ತು. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ಮದ್ಯದ ಅಂಶ ಕಂಡುಬರಲಿಲ್ಲ. ಮನೆಯಲ್ಲಿ ಕಟ್ಟಿದ ವಿಮಾನಗಳ ಇಂಧನ ಹಿಡಿಗಳಿಗೆ ಸರಿಯಾದ ಗುರುತು ಇರಬೇಕು, ಅಂಥ ವಿಮಾನವನ್ನು ಇನ್ನೊಬ್ಬರಿಂದ ಕೊಂಡವರು ಅದರಲ್ಲೇ ತರಬೇತಿ ಪಡೆಯಬೇಕು ಎಂಬ ವಿಷಯಗಳು ತನಿಖೆಯ ನಂತರದ ಶಿಫಾರಸುಗಳಲ್ಲಿ ಸೇರಿದವು.