ಕುಕ್ ಟೌನ್‌ನಲ್ಲಿ ಮರ, ಹಕ್ಕಿ ಎಣಿಸೋದು ಯಾಕೆ, ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಬೆಂಗಳೂರು: ಕುಕ್ ಟೌನ್ ಅಂದ್ರೆ ಹಳೇ ಬಂಗಲೆ, ದೊಡ್ಡ ಕಾಂಪೌಂಡು, ರಸ್ತೆಗೆ ಚಪ್ಪರ ಹಾಕಿದಂತಿರೋ ಮರಗಳು. ಎಷ್ಟೋ ಬಂಗಲೆಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿವೆ. ಮರಗಳು ಇಲ್ಲಿ ಒಂದೊಂದಾಗಿ ಹೋಗುತ್ತವೆ. ಮೊದಲು ಎಷ್ಟಿದ್ದವು ಅನ್ನೋ ಲೆಕ್ಕ ಇಲ್ಲದಿದ್ದರೆ, ಎಷ್ಟು ಹೋದವು ಅಂತ ಕೇಳೋಕೂ ಆಗಲ್ಲ.

ಕಾಯ್ದೆ ಏನು ಹೇಳುತ್ತೆ?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಖಾಸಗಿ ಜಾಗದ ಮರಕ್ಕೂ ಇದು ಅನ್ವಯ. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯೋದಾದರೆ ಜನರಿಂದ ಆಕ್ಷೇಪಣೆ ಕರೆಯಲೇಬೇಕು. ಒಂದೆರಡು ಮರಕ್ಕೆ ಆ ನಿಯಮ ಇಲ್ಲ.

ಪಾರ್ಕ್‌ಗಳಿಗೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ರಕ್ಷಣೆ ಇದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗೆ 1975ರ ಪ್ರತ್ಯೇಕ ಕಾಯ್ದೆ ಇದೆ. ಬಂಗಲೆ ಕಾಂಪೌಂಡಿಗೆ ಅಂಥ ರಕ್ಷಣೆ ಇಲ್ಲ. ಹಾಗಾಗಿ ಮಿಲ್ಟನ್ ಸ್ಟ್ರೀಟ್ ಪಾರ್ಕ್, ಪಕ್ಕದ ರಿಚರ್ಡ್ಸ್ ಪಾರ್ಕ್ ಮಾತ್ರ ಎಣಿಸಿದರೆ ಸಾಲದು. ಬೀದಿ ಮರ, ರಸ್ತೆಯಿಂದ ಕಾಣೋ ಕಾಂಪೌಂಡಿನ ಮರಗಳೂ ಪಟ್ಟಿಗೆ ಸೇರಬೇಕು.

ಬನ್ನೇರುಘಟ್ಟದಂಥ ರಾಷ್ಟ್ರೀಯ ಉದ್ಯಾನದೊಳಗೆ ಸಮೀಕ್ಷೆ ಮಾಡಲು ಅರಣ್ಯ ಇಲಾಖೆ ಅನುಮತಿ ಬೇಕು. ಬೀದಿಯಲ್ಲಿ ನಿಂತು ಮರ, ಹಕ್ಕಿ ಎಣಿಸೋಕೆ ಯಾರ ಅನುಮತಿಯೂ ಬೇಡ.

ಮರದ ಲೆಕ್ಕ ಹೀಗೆ

ಮೊದಲು ನಾಲ್ಕೈದು ಬೀದಿಗಳ ನಕ್ಷೆ ಮಾಡಿಕೊಳ್ಳಿ. ಪ್ರತಿ ಮರಕ್ಕೂ ಒಂದು ನಂಬರ್, ಜಾತಿ, ಜಾಗ ಬರೆಯಿರಿ. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪ್ ಸುತ್ತಿ ಕಾಂಡದ ಸುತ್ತಳತೆ ತೆಗೀಬೇಕು. ಕಾಂಪೌಂಡಿನ ಮರಕ್ಕೆ ಅಳತೆ ಬೇಡ, ಜಾತಿ ಮತ್ತು ಜಾಗ ಸಾಕು. ಎಲೆ, ಹೂ, ಕಾಯಿಯ ಫೋಟೋ ಇದ್ದರೆ ಜಾತಿ ಗುರುತಿಸೋದು ಸುಲಭ.

ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಬೆಂಗಳೂರಿನ ಪಾರ್ಕ್‌ಗಳ ಮರಗಳ ಬಗ್ಗೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಕ್ಕಾಲು ಪಾಲಿನಷ್ಟು ಮರಗಳು ಹೊರನಾಡಿನ ಜಾತಿಯವೇ ಆಗಿದ್ದವು. ಮಳೆಮರ ಅಮೆರಿಕ ಖಂಡದ್ದು, ಗುಲ್‌ಮೊಹರ್ ಮಡಗಾಸ್ಕರ್‌ನದ್ದು. ಹಾಗಂತ ಇವನ್ನು ಪಟ್ಟಿಯಿಂದ ಬಿಡೋ ಹಾಗಿಲ್ಲ. ಮಳೆಮರದ ಪೊಟರೆಯಲ್ಲೂ ಗಿಳಿ ಸಂಸಾರ ಹೂಡುತ್ತೆ.

ಹಕ್ಕಿ ಲೆಕ್ಕ ಹೀಗೆ

ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಒಳ್ಳೇ ಸಮಯ. ಕನಿಷ್ಠ 15 ನಿಮಿಷ ನೋಡಿ. ಶುರು ಮಾಡಿದ ಹೊತ್ತು, ನಡೆದ ದೂರ, ಎಷ್ಟು ಜನ ಇದ್ದಿರಿ ಅನ್ನೋದನ್ನೂ ಬರೆಯಿರಿ. ಕಾಗೆ, ಪಾರಿವಾಳ, ಹದ್ದು ಮಾಮೂಲು ಅಂತ ಬಿಡಬೇಡಿ. ಇವತ್ತು ಮಾಮೂಲಾಗಿರೋ ಹಕ್ಕಿ ನಾಳೆ ಕಮ್ಮಿಯಾದರೆ ಗೊತ್ತಾಗೋದು ಈ ಪಟ್ಟಿಯಿಂದಲೇ.

ಯಾವ ಹಕ್ಕಿ ಯಾವ ಮರದಲ್ಲಿ ಏನು ಮಾಡ್ತಿತ್ತು ಅನ್ನೋದು ಮುಖ್ಯ. ಕುಟ್ರುಹಕ್ಕಿ ಒಣಗಿದ ಕೊಂಬೆ ಕೊರೆದು ಗೂಡು ಮಾಡುತ್ತೆ. ಮೈನಾ, ಗಿಳಿ, ಹಾಲಕ್ಕಿ ಅನ್ನೋ ಪುಟ್ಟ ಗೂಬೆ ಇದ್ದ ಪೊಟರೆಗಳನ್ನೇ ಬಳಸುತ್ತವೆ. ಒಣ ಕೊಂಬೆ ಕತ್ತರಿಸುವಾಗ ಇಂಥ ಗೂಡುಗಳೂ ಹೋಗುತ್ತವೆ. ಗೂಡಿರುವ ಮರದ ನಂಬರ್ ಪಟ್ಟಿಯಲ್ಲಿದ್ದರೆ, ಕತ್ತರಿಸುವ ಮೊದಲೇ ಸಿಬ್ಬಂದಿಗೆ ತೋರಿಸಬಹುದು.

ಹೊನ್ನಕ್ಕಿ, ಉಲಿಯಕ್ಕಿಯಂಥ ಚಳಿಗಾಲದ ಅತಿಥಿಗಳು ಬೇಸಿಗೆಯಲ್ಲಿ ಕಾಣೋದು ಕಷ್ಟ. ಆದ್ದರಿಂದ ವರ್ಷಕ್ಕೆ ಎರಡು ಸಲ, ಅದೇ ದಾರಿ, ಅದೇ ಹೊತ್ತಲ್ಲಿ ಎಣಿಸಿ. ದಾರಿ ಬದಲಾದರೆ ಹಳೇ ಲೆಕ್ಕಕ್ಕೆ ಹೋಲಿಸೋಕೆ ಬರಲ್ಲ.

ಪಟ್ಟಿ ಎಲ್ಲಿಗೆ ಕೊಡೋದು?

ಹಕ್ಕಿ ಪಟ್ಟಿಯನ್ನು ಇ-ಬರ್ಡ್ ಆ್ಯಪ್‌ಗೆ ಹಾಕಬಹುದು. ದೇಶದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ ತಯಾರಾಗಿದ್ದು ಹೀಗೆ 30 ಸಾವಿರಕ್ಕೂ ಹೆಚ್ಚು ವೀಕ್ಷಕರು ಹಾಕಿದ 3 ಕೋಟಿ ದಾಖಲೆಗಳಿಂದ. 942 ಪ್ರಭೇದಗಳನ್ನು ನೋಡಿ, 178ಕ್ಕೆ ಹೆಚ್ಚಿನ ಆದ್ಯತೆ ಕೊಡಬೇಕು ಅಂತ ಅದು ಹೇಳಿದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಮನೆ ಟೆರೇಸ್‌ನಿಂದಲೇ ಭಾಗವಹಿಸಬಹುದು. ಮರ ಚಿಗುರೋದು, ಹೂ ಬಿಡೋದನ್ನು ವಾರವಾರ ದಾಖಲಿಸಲು ಸೀಸನ್‌ವಾಚ್ ಇದೆ.

ಜೀವವೈವಿಧ್ಯ ಕಾಯ್ದೆ 2002ರಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ನಿಮ್ಮ ಬೀದಿಯ ಪಟ್ಟಿಯನ್ನು ಆ ಸಮಿತಿಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ.