ವಾಪಿಂಗ್ ಕಟ್ಟೆಯ ಕಾವಲು

18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಕಾವಲುಗಾರರಿಗೇನೂ ಬರವಿರಲಿಲ್ಲ. ವೆಸ್ಟ್ ಇಂಡೀಸಿನ ಸಕ್ಕರೆ, ರಮ್, ಕಾಫಿ ತುಂಬಿಕೊಂಡು ಬಂದ ಹಡಗುಗಳು ಕಟ್ಟೆಯಲ್ಲಿ ಜಾಗ ಸಿಗದೆ ನಡುನೀರಿನಲ್ಲೇ ಲಂಗರು ಹಾಕಿ ಕಾಯುತ್ತಿದ್ದವು. ಹಡಗಿನ ಮೇಲೆ ರಾತ್ರಿ ಪಹರೆಯವನಿದ್ದ, ಸುಂಕದವನೂ ಇದ್ದ. ಆದರೂ ನದಿಯಲ್ಲಿ ವರ್ಷಕ್ಕೆ ಐದು ಲಕ್ಷ ಪೌಂಡಿನ ಮಾಲು ಕಳುವಾಗುತ್ತಿದೆ ಎಂದು ಮ್ಯಾಜಿಸ್ಟ್ರೇಟ್ ಪ್ಯಾಟ್ರಿಕ್ ಕಹೂನ್ ಅಂದಾಜು ಕಟ್ಟಿದ.

ಪೀಣ್ಯದ ಗೋದಾಮುಗಳ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿ ದುಡಿದ ನನಗೆ ಈ ಚಿತ್ರ ತೀರಾ ಪರಿಚಿತ. ಆಳು ನಿಲ್ಲಿಸಿದ್ದಾಯಿತು, ಇನ್ನು ಮಾಲು ಭದ್ರ ಎಂದು ನೆಮ್ಮದಿಯಾಗಿರುವ ಮಾಲೀಕರು ಆಗಲೂ ಇದ್ದರು. ಪಹರೆಯವನಿಗೆ ಸಿಗುತ್ತಿದ್ದುದು ಪುಡಿಗಾಸು. ಅದಕ್ಕಿಂತ ಹೆಚ್ಚನ್ನು ಕಳ್ಳರೇ ಕೊಡುತ್ತಿದ್ದರು. ಮಾಲು ಇಳಿಸುವ ಹಮಾಲರಲ್ಲಿ ಎಷ್ಟೋ ಜನ ಕೂಲಿಯೇ ಇಲ್ಲದೆ ಕೆಲಸಕ್ಕೆ ಬರುತ್ತಿದ್ದರು ಎಂದು ಕಹೂನ್ ಬರೆದಿದ್ದಾನೆ. ಕದ್ದದ್ದೇ ಅವರ ಸಂಬಳ. ಹಡಗಿನವರಿಗೂ ಅದು ಗೊತ್ತಿತ್ತು.

1798ರ ಜುಲೈ 2ರಂದು ಥೇಮ್ಸ್ ದಡದ ವಾಪಿಂಗ್‌ನಲ್ಲಿ ಕಹೂನ್ ಮತ್ತು ಹಳೆಯ ನಾವಿಕ ಜಾನ್ ಹ್ಯಾರಿಯಟ್ ಸೇರಿ ನದಿ ಕಾವಲಿನ ಕಚೇರಿ ತೆರೆದರು. ಮೊದಲ ಖರ್ಚು 4,200 ಪೌಂಡ್, ಕೊಟ್ಟವರು ಮುಖ್ಯವಾಗಿ ವೆಸ್ಟ್ ಇಂಡೀಸಿನ ವರ್ತಕರು, ತೋಟದ ಮಾಲೀಕರು. (ಆ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು, ಅವರಿಂದ ದೋಚಿದ್ದನ್ನು ಯಾರೂ ಕಳವು ಎಂದು ಬರೆದಿಡಲಿಲ್ಲ.) ನದಿಯಲ್ಲಿ ದುಡಿಯುವವರು 33,000, ಕಾವಲಿನವರು ಐವತ್ತರ ಆಸುಪಾಸು. ಇಷ್ಟು ಕಡಿಮೆ ಜನರಿಂದ ಕೆಲಸ ಆದದ್ದು ಹೇಗೆ? ದೋಣಿ ಗಸ್ತು, ಹಡಗಿನ ಮೇಲೆ ಪಹರೆ ಇದ್ದೇ ಇತ್ತು. ಅದರ ಜೊತೆಗೆ ಹಮಾಲರ ನೇಮಕವನ್ನೂ ಕಚೇರಿಯೇ ಕೈಗೆ ತೆಗೆದುಕೊಂಡಿತು. ಹೆಸರು ನೋಂದಾಯಿಸಿತು, ಕೂಲಿ ಗೊತ್ತು ಮಾಡಿತು. ಮಾಲು ಬಚ್ಚಿಡಲು ಅನುಕೂಲವಾದ ದೊಗಲೆ ಬಟ್ಟೆ, ಚೀಲ ತೊಟ್ಟು ಬರಬಾರದೆಂದಿತು. ಇಳಿದು ಹೋಗುವಾಗ ತಪಾಸಣೆ. ನನಗಂತೂ ಇಡೀ ಏರ್ಪಾಟಿನ ತಿರುಳು ಆ ಕೂಲಿಯಲ್ಲೇ ಕಾಣುತ್ತದೆ. ಹೊಟ್ಟೆಗೆ ಕೊಡದೆ ಜೇಬು ತಡಕಿದರೆ ಯಾವ ಗೇಟಿನಲ್ಲೂ ಜಗಳ ತಪ್ಪುವುದಿಲ್ಲ.

ಕಲ್ಲಿದ್ದಲಿನ ವಿಷಯದಲ್ಲಿ ಆದದ್ದು ಅದೇ. ಇದ್ದಲು ಹೊರುವವರು ದಿನದ ಕೊನೆಗೆ ಒಂದಿಷ್ಟನ್ನು ಮನೆಗೆ ಒಯ್ಯುತ್ತಿದ್ದರು. ಅದು ತಮ್ಮ ಮಾಮೂಲು ಎಂದು ನಂಬಿದ್ದರು. ಈಗ ಅದಕ್ಕೆ ದಂಡ ಬಿತ್ತು. 1798ರ ಅಕ್ಟೋಬರ್ 16ರ ರಾತ್ರಿ ಎರಡು ಸಾವಿರದಷ್ಟು ಜನ ವಾಪಿಂಗ್ ಕಚೇರಿಗೆ ಮುತ್ತಿಗೆ ಹಾಕಿ ಕಲ್ಲು ತೂರಿದರು. ಗುಂಡು ಹಾರಿತು. ಕಚೇರಿಯ ಪರವಾಗಿ ನಿಂತಿದ್ದ ಗೇಬ್ರಿಯಲ್ ಫ್ರಾಂಕ್ಸ್ ಗಾಯಗೊಂಡು ಸತ್ತ, ಗಲಭೆಗಾರರಲ್ಲೂ ಸಾವಾಯಿತು. ಇಂಥ ಹೊತ್ತಿನಲ್ಲಿ ಕಲ್ಲಿನ ಏಟು ತಿನ್ನುವವನು ಮಾಲೀಕನಲ್ಲ, ಬಾಗಿಲಲ್ಲಿ ನಿಂತವನು. ಇದನ್ನು ಓದಿದಾಗ ನನ್ನ ಕೈಕೆಳಗೆ ದುಡಿದ ಹುಡುಗರ ಮುಖಗಳು ಕಣ್ಣ ಮುಂದೆ ಬಂದವು.

ಮೊದಲ ವರ್ಷವೇ 1,22,000 ಪೌಂಡಿನ ಮಾಲು ಉಳಿಯಿತು ಎಂಬುದು ಕಹೂನನದೇ ಲೆಕ್ಕ. 1800ರಲ್ಲಿ ಕಾನೂನು ಮಾಡಿ ಸರ್ಕಾರವೇ ಈ ಪಡೆಯನ್ನು ವಹಿಸಿಕೊಂಡಿತು.

ನಮ್ಮಲ್ಲಿ ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಕಾನೂನು ಬಂದದ್ದು 2005ರಲ್ಲಿ. ಮರುವರ್ಷ ಕೇಂದ್ರ ಹೊರಡಿಸಿದ ಮಾದರಿ ನಿಯಮಗಳು ಗಾರ್ಡ್‌ಗೆ 100 ಗಂಟೆ ತರಗತಿ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಎಂದವು. ಒಳ್ಳೆಯದೇ. ಆದರೆ ನಾನು ಕಂಡ ಟೆಂಡರ್‌ಗಳಲ್ಲೆಲ್ಲ ಮೊದಲ ಪ್ರಶ್ನೆ ತಲೆಗೆ ಎಷ್ಟು ಎಂಬುದೇ. ಒಳಗೆ ಲೋಡರ್‌ಗಳಿಗೆ ಏನು ಕೊಡುತ್ತೀರಿ ಎಂದು ಕೇಳುವ ಹಕ್ಕು ಗೇಟಿನವನಿಗಿರಲಿಲ್ಲ. ರಾತ್ರಿ ಅವರ ಜೇಬು ನೋಡಬೇಕಾದವನು ಮಾತ್ರ ಅವನೇ.