ಇಸ್ರೋಗೆ ನಮ್ಮ ತೆರಿಗೆ ಹಣ ಏಕೆ? 100 ರೂಪಾಯಿಯಲ್ಲಿ ಬಾಹ್ಯಾಕಾಶದ ಪಾಲು ಎಷ್ಟು? ಇಲ್ಲಿದೆ ವಿವರ

ಚಂದ್ರಯಾನ-3ರ ಲ್ಯಾಂಡರ್ 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ದೇಶವೇ ಸಂಭ್ರಮಿಸಿತ್ತು. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಉಡಾವಣೆ ವಿಫಲವಾಯಿತು. ಗೆದ್ದಾಗ ಹೆಮ್ಮೆ, ಸೋತಾಗ 'ಜನರ ತೆರಿಗೆ ಹಣ ಪೋಲು' ಎಂಬ ಟೀಕೆ ಹೊಸದೇನಲ್ಲ. ಹಾಗಾದರೆ ಸರ್ಕಾರ ವಿಜ್ಞಾನಕ್ಕೆ ಹಣ ಕೊಡುವುದು ಸರಿಯೇ?

ಖರ್ಚು ಎಷ್ಟು?

2025-26ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ ಸುಮಾರು 50.65 ಲಕ್ಷ ಕೋಟಿ ರೂ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಮೀಸಲಿಟ್ಟದ್ದು ಸುಮಾರು 13,416 ಕೋಟಿ ರೂ. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 26 ಪೈಸೆ. ಅದೇ ವರ್ಷ ಆಹಾರ ಸಬ್ಸಿಡಿಗೆ 2 ಲಕ್ಷ ಕೋಟಿ ರೂ.ಗೂ ಹೆಚ್ಚು ಇಡಲಾಗಿದೆ.

ಹಾಗೆಂದು ಇದು ಸಣ್ಣ ಮೊತ್ತವೂ ಅಲ್ಲ. ಶಾಲಾ ಮಕ್ಕಳ ಬಿಸಿಯೂಟದ ಪಿಎಂ ಪೋಷಣ್ ಯೋಜನೆಗೆ ಆ ಬಜೆಟ್‌ನಲ್ಲಿ ಸಿಕ್ಕಿದ್ದು 12,500 ಕೋಟಿ ರೂ.

ಖಾಸಗಿಯವರು ಏಕೆ ಮಾಡುವುದಿಲ್ಲ?

ಚಂಡಮಾರುತದ ಮುನ್ಸೂಚನೆಯನ್ನೇ ನೋಡಿ. ಎಚ್ಚರಿಕೆ ಒಮ್ಮೆ ಹೊರಬಿದ್ದರೆ ಕರಾವಳಿಯ ಎಲ್ಲರಿಗೂ ತಲುಪುತ್ತದೆ. ದುಡ್ಡು ಕೊಟ್ಟವರಿಗೆ ಮಾತ್ರ ಕೊಡಲು ಸಾಧ್ಯವಿಲ್ಲ, ಕೊಡಬಾರದು ಕೂಡ. ಮನೆಮನೆಗೆ ಬಿಲ್ ಕಳಿಸಲಾಗದ ಇಂಥ ಸೇವೆಗೆ ಕಂಪನಿಗಳು ಬಂಡವಾಳ ಹೂಡುವುದು ಕಷ್ಟ. ಅರ್ಥಶಾಸ್ತ್ರದಲ್ಲಿ ಇದನ್ನು 'ಸಾರ್ವಜನಿಕ ಸರಕು' ಎನ್ನುತ್ತಾರೆ.

1999ರ ಒಡಿಶಾ ಸೂಪರ್ ಸೈಕ್ಲೋನ್‌ಗೆ ಸುಮಾರು 10 ಸಾವಿರ ಜನ ಬಲಿಯಾದರು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಅಪ್ಪಳಿಸಿದಾಗ ಸಾವಿನ ಸಂಖ್ಯೆ ನೂರಕ್ಕಿಂತ ಕಡಿಮೆ. ಆಶ್ರಯ ಕಟ್ಟಡಗಳು ಮತ್ತು ಲಕ್ಷಾಂತರ ಜನರ ಸ್ಥಳಾಂತರ ಇದಕ್ಕೆ ಮುಖ್ಯ ಕಾರಣ. ಆದರೆ ಯಾರನ್ನು, ಯಾವಾಗ ಸ್ಥಳಾಂತರಿಸಬೇಕು ಎಂದು ತಿಳಿಯಲು ಉಪಗ್ರಹದ ಕಣ್ಣು ಬೇಕಿತ್ತು.

ಹೈದರಾಬಾದ್‌ನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹ ಮಾಹಿತಿ ಆಧರಿಸಿ, ಮೀನು ಎಲ್ಲಿ ಸಿಗಬಹುದು ಎಂಬ ಸೂಚನೆಯನ್ನು ಮೀನುಗಾರರಿಗೆ ಕೊಡುತ್ತದೆ.

ವಿರೋಧಿಸುವವರು ಹೇಳುವುದೇನು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೀಗಿರುವಾಗ ಮೊದಲು ಅನ್ನ, ಆಮೇಲೆ ರಾಕೆಟ್ ಎಂಬುದು ಅವರ ವಾದ.

ಮಾನವಸಹಿತ ಗಗನಯಾನದ ವಿಚಾರದಲ್ಲಿ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. 2022ರೊಳಗೆ ಭಾರತೀಯರನ್ನು ಬಾಹ್ಯಾಕಾಶಕ್ಕೆ ಕಳಿಸುವುದಾಗಿ 2018ರಲ್ಲಿ ಘೋಷಿಸಲಾಗಿತ್ತು. ಆ ಗಡುವು ಮೀರಿತು. ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿ ಯೋಜನೆಯನ್ನು ವಿಸ್ತರಿಸಿದ ನಂತರ, 2024ರಲ್ಲಿ ಅದರ ಒಟ್ಟು ವೆಚ್ಚ 20,193 ಕೋಟಿ ರೂ.ಗೆ ಏರಿತು. ಹವಾಮಾನ ಉಪಗ್ರಹದ ಲಾಭವನ್ನು ಉಳಿದ ಜೀವಗಳಲ್ಲಿ ಲೆಕ್ಕ ಹಾಕಬಹುದು. ಗಗನಯಾನದ ಲಾಭವನ್ನು ಹಾಗೆ ತೋರಿಸುವುದು ಸುಲಭವಲ್ಲ.

ಖಾಸಗಿ ಕಂಪನಿಗಳು ಬಂದಿವೆಯಲ್ಲ?

2020ರಲ್ಲಿ ಸರ್ಕಾರ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. ಹೈದರಾಬಾದ್‌ನ ಸ್ಕೈರೂಟ್ 2022ರ ನವೆಂಬರ್‌ನಲ್ಲಿ, ಚೆನ್ನೈನ ಅಗ್ನಿಕುಲ್ 2024ರ ಮೇನಲ್ಲಿ ತಮ್ಮ ಮೊದಲ ರಾಕೆಟ್ ಹಾರಿಸಿದವು. ಎರಡೂ ಹಾರಿದ್ದು ಶ್ರೀಹರಿಕೋಟಾದಿಂದ, ಅಂದರೆ ದಶಕಗಳ ತೆರಿಗೆ ಹಣದಲ್ಲಿ ಬೆಳೆದ ಕೇಂದ್ರದಿಂದ. 1975ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾದಾಗ ಇಂಥ ಕಂಪನಿಗಳು ಇರಲೇ ಇಲ್ಲ. ಯಾರೂ ತುಳಿಯದ ದಾರಿಯನ್ನು ಮೊದಲು ಸರ್ಕಾರ ತುಳಿದಿದ್ದರಿಂದ ಉಳಿದವರು ಹಿಂಬಾಲಿಸಿದರು.

ತೆರಿಗೆದಾರರು ಏನು ಕೇಳಬೇಕು?

ಆದಾಯ ತೆರಿಗೆ ಕಟ್ಟದವರೂ ಸೋಪು, ಬಿಸ್ಕತ್ ಕೊಂಡಾಗ ಜಿಎಸ್‌ಟಿ ಕಟ್ಟುತ್ತಾರೆ. ಹಾಗಾಗಿ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ. 'ಇಸ್ರೋ ಬೇಕೇ, ಬೇಡವೇ' ಎಂಬ ಪ್ರಶ್ನೆಗಿಂತ ಮೂರು ಪ್ರಶ್ನೆಗಳು ಹೆಚ್ಚು ಉಪಯುಕ್ತ: ಈ ಕೆಲಸವನ್ನು ಮಾರುಕಟ್ಟೆ ತಾನಾಗಿಯೇ ಮಾಡುತ್ತದೆಯೇ? ಲಾಭ ಬಡವರಿಗೂ ತಲುಪುತ್ತದೆಯೇ? ವಿಫಲವಾದಾಗ ಕಾರಣವನ್ನು ಜನರ ಮುಂದಿಡಲಾಗುತ್ತದೆಯೇ?

ವಿಜ್ಞಾನದಲ್ಲಿ ಸೋಲು ಸಹಜ, ಅದಕ್ಕೆ ಹಣ ಖರ್ಚಾಗುವುದೂ ಸಹಜ. ಆದರೆ ಆ 26 ಪೈಸೆ ಕೊಟ್ಟವರಿಗೆ ಉತ್ತರ ಸಿಗಲೇಬೇಕು.